ವಸ್ತ್ರದ ಕೆಳಗಿನ ಬೆಲೆ

ದನಗಳ ಸಂತೆಗೆ ಹೋದವರೆಲ್ಲರೂ ನೋಡಿರುವ ಒಂದು ಸಂಗತಿಯುಂಟು. ಎತ್ತು ಮಾರುವವನು ಒಂದು ಕಡೆಯಲ್ಲಿಯೂ ಕೊಳ್ಳುವವನು ಇನ್ನೊಂದು ಕಡೆಯಲ್ಲಿಯೂ ನಿಂತಿರುವಾಗ ದಲಾಲನು ನಡುವೆ ಬಂದು, ತನ್ನ ಹೆಗಲ ಮೇಲಿನ ವಸ್ತ್ರವನ್ನು ತೆಗೆದು, ಒಬ್ಬನ ಕೈಯ ಮೇಲೆ ಹಾಸಿ, ಅದರ ಕೆಳಗೆ ಅವನ ಬೆರಳುಗಳನ್ನು ಹಿಡಿದು ಒತ್ತುವನು. ಇಷ್ಟು ಬೆರಳು ಹಿಡಿದರೆ ಇಷ್ಟು ರೂಪಾಯಿ ಎಂದು ಲೆಕ್ಕ. ಬಾಯಿಂದ ಒಂದು ಮಾತೂ ಹೊರಡುವದಿಲ್ಲ. ಬಳಿಕ ಅವನು ಮತ್ತೊಬ್ಬನ ಬಳಿಗೆ ಹೋಗಿ ಹಾಗೆಯೇ ಮಾಡುವನು. ಎತ್ತು ಕೈ ಬದಲಾಗುವದು. ಆದರೆ ಕೊಂಡವನು ಕೊಟ್ಟದ್ದೆಷ್ಟು, ಮಾರಿದವನಿಗೆ ಮುಟ್ಟಿದ್ದೆಷ್ಟು, ನಡುವೆ ಉಳಿದದ್ದೆಷ್ಟು ಎಂಬದನ್ನು ದಲಾಲನೊಬ್ಬನೇ ಬಲ್ಲನು.

ಹಿಂದೆ ಧಾನ್ಯ, ಹತ್ತಿ ಮೊದಲಾದವುಗಳ ಪೇಟೆಗಳಲ್ಲಿಯೂ ಈ ಪದ್ಧತಿಯು ನಡೆಯುತ್ತಿತ್ತು. ಬೆಳಗಾವಿಯು ಮುಂಬಯಿ ಪ್ರಾಂತಕ್ಕೆ ಸೇರಿದ್ದ ಕಾಲದಲ್ಲಿ, 1939ರಲ್ಲಿ, ಆ ಪ್ರಾಂತದ ಸರಕಾರವು ಕೃಷಿ ಉತ್ಪನ್ನಗಳ ಪೇಟೆಗಳಿಗೋಸ್ಕರ ಒಂದು ಕಾಯಿದೆಯನ್ನು ಮಾಡಿತು. 1956ರಲ್ಲಿ ಈ ಜಿಲ್ಲೆಯು ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ, 1966ರಲ್ಲಿ, ನಮ್ಮ ರಾಜ್ಯವು ಅಂಥದೇ ಕಾಯಿದೆಯನ್ನು ಮಾಡಿತು. ಸವಾಲು ಬಹಿರಂಗವಾಗಿ ಆಗಬೇಕು, ತೂಕವು ಸರಿಯಾಗಿರಬೇಕು, ದಲಾಲನಿಗೆ ಪರವಾನಗಿ ಇರಬೇಕು, ಇದೇ ಆ ಕಾಯಿದೆಗಳ ತಾತ್ಪರ್ಯವು. ಇಲ್ಲಿ ಒಂದು ಮಾತನ್ನು ಗಮನಿಸಿರಿ. ಕಾಯಿದೆಯು ದಲಾಲನನ್ನು ಪೇಟೆಯಿಂದ ಓಡಿಸಲಿಲ್ಲ. ಅವನು ಮಾಡುವ ಕೆಲಸಕ್ಕೆ ಕೂಲಿ ಸಲ್ಲತಕ್ಕದ್ದೇ. ಕಾಯಿದೆಯು ಎತ್ತಬೇಕೆಂದದ್ದು ವಸ್ತ್ರವನ್ನು ಮಾತ್ರ.

ಈಗ ನಾವು ವಿಚಾರಿಸತಕ್ಕ ಪ್ರಶ್ನೆ ಏನಂದರೆ: ಔಷಧದ ವ್ಯಾಪಾರದ ಮೇಲೆಯೂ ಇಂಥ ವಸ್ತ್ರವು ಹಾಸಿದೆಯೋ? ಹಾಸಿದ್ದರೆ ಅದನ್ನು ಎತ್ತುವ ಅಧಿಕಾರವು ಸರಕಾರಕ್ಕುಂಟೋ? ಸರಕಾರವು ಎತ್ತಿದ ಮೇಲೆ ನಮಗೆ ಉಳಿಯುವ ಕರ್ತವ್ಯವೇನು?

ಖಾನಾಪುರ ತಾಲೂಕಿನ ಕಾಡಂಚಿನ ಹಳ್ಳಿಯ ಒಬ್ಬ ಕೂಲಿಕಾರನನ್ನು ಮನಸ್ಸಿಗೆ ತಂದುಕೊಳ್ಳಿರಿ. ಅವನ ಹೆಂಡತಿಗೆ ಸಕ್ಕರೆ ಬೇನೆ. ಆ ಕಡೆಯ ಮಳೆಗಾಲವನ್ನು ನೀವು ಬಲ್ಲಿರಿ. ಭೀಮಗಡದ ಕಾಡಿನೊಳಗಿನ ಅಮಗಾಂವ, ಗವಾಳಿ ಮೊದಲಾದ ಊರುಗಳಿಂದ ರೋಗಿಗಳನ್ನು ಹೆಗಲ ಮೇಲೆ ಹೊತ್ತು ತರಬೇಕಾಗುವದುಂಟು. ಈ ಮನುಷ್ಯನು ಒಂದು ದಿನದ ಕೂಲಿ ಬಿಟ್ಟು, ಹೆಂಡತಿಯನ್ನು ಕರಕೊಂಡು ಖಾನಾಪುರಕ್ಕೆ ಬಂದು, ಅಲ್ಲಿಂದ ಸುಮಾರು 26 ಕಿಲೋಮೀಟರು ದೂರದ ಬೆಳಗಾವಿಗೆ ಬಸ್ಸಿನಲ್ಲಿ ಹೋಗುವನು. ಡಾಕ್ಟರರು ನೋಡಿ ಚೀಟಿ ಬರೆದುಕೊಡುವರು. ಅವನು ಚೀಟಿಯನ್ನು ಔಷಧದ ಅಂಗಡಿಯಲ್ಲಿ ಕೊಡುವನು. ಅಂಗಡಿಯವನು ಗುಳಿಗೆಗಳನ್ನು ಮುಂದಿಟ್ಟು ಒಂದು ಮೊತ್ತವನ್ನು ಹೇಳುವನು. ಕೂಲಿಕಾರನು ಸೆರಗಿನ ಗಂಟು ಬಿಚ್ಚಿಸಿ ರೊಕ್ಕ ಎಣಿಸಿ ಕೊಡುವನು.

ಇವನು ಸಂತೆಯಲ್ಲಿ ಬದನೆಕಾಯಿ ಕೊಳ್ಳುವಾಗ ನಾಲ್ಕು ಕಡೆ ವಿಚಾರಿಸುತ್ತಾನೆ. ಬೆಲೆ ಹೆಚ್ಚೆಂದು ಕಂಡರೆ ಬೇಡವೆಂದು ಮುಂದಕ್ಕೆ ನಡೆಯುತ್ತಾನೆ. ಈ ಬೇಡವೆಂಬ ಒಂದು ಮಾತೇ ಬಡವನ ಕೈಯಲ್ಲಿರುವ ತಕ್ಕಡಿ. ಆದರೆ ಔಷಧದ ಅಂಗಡಿಯಲ್ಲಿ ಆ ಮಾತು ಅವನ ಬಾಯಿಗೆ ಬರುವದಿಲ್ಲ. ಯಾಕಂದರೆ ಯಾವ ಗುಳಿಗೆ ಬೇಕೆಂದು ಆರಿಸಿದವನು ಅವನಲ್ಲ, ಡಾಕ್ಟರರು. ಆರಿಸಿದವರು ರೊಕ್ಕ ಕೊಡುವದಿಲ್ಲ. ರೊಕ್ಕ ಕೊಡುವವನು ಆರಿಸುವದಿಲ್ಲ. ನುಂಗುವವಳಿಗೆ ಗುಳಿಗೆಯ ಹೆಸರು ಓದಲಿಕ್ಕೆ ಸಹ ಬಾರದು. ಲಾಭ ಹೊಂದುವವರಲ್ಲಿ ಅನೇಕರು ಅಲ್ಲಿ ಕಣ್ಣಿಗೆ ಕಾಣುವದೇ ಇಲ್ಲ. ತಯಾರಿಸಿದ ಕಂಪನಿ, ಅದನ್ನು ಸಗಟಾಗಿ ಕೊಂಡಿಟ್ಟ ವ್ಯಾಪಾರಿ, ಡಾಕ್ಟರರ ಬಾಗಿಲಿಗೆ ಚೀಲ ಹಿಡಿದು ಬರುವ ಕಂಪನಿಯ ಪ್ರತಿನಿಧಿ, ಇವರೆಲ್ಲರ ಪಾಲು ಆ ಮೊತ್ತದಲ್ಲಿ ಅಡಗಿದೆ.

ಸ್ಪರ್ಧೆ ಇದ್ದರೆ ಬೆಲೆಯು ತಾನೇ ಇಳಿಯುವದೆಂದು ಕೆಲವರು ಹೇಳುವರು. ಖಾನಾಪುರದ ಕುಂಬಾರರು ಇಬ್ಬರು ಒಂದೇ ಸಂತೆಗೆ ಮಡಿಕೆ ತಂದರೆ ಹಾಗಾಗುವದು ಸತ್ಯ. ಆದರೆ ಔಷಧದಲ್ಲಿ ಅದು ತಲೆಕೆಳಗಾಗಿ ನಡೆಯುವದುಂಟು. ಹೇಗಂದರೆ, ಒಂದೇ ಗುಣದ ಗುಳಿಗೆಯನ್ನು ಎರಡು ಕಂಪನಿಗಳು ಎರಡು ಹೆಸರುಗಳಿಂದ ಮಾರುತ್ತವೆಂದು ಭಾವಿಸೋಣ. ಮೊದಲನೆಯದು ಒಂದು ಪಟ್ಟಿ ಗುಳಿಗೆಯನ್ನು ಅಂಗಡಿಗೆ 9 ರೂಪಾಯಿಗೆ ಕೊಟ್ಟು ಅದರ ಮೇಲೆ 15 ರೂಪಾಯಿ ಎಂದು ಅಚ್ಚುಹಾಕುವದು. ಎರಡನೆಯದು 10 ರೂಪಾಯಿಗೆ ಕೊಟ್ಟು 60 ರೂಪಾಯಿ ಎಂದು ಅಚ್ಚುಹಾಕುವದು. ಮೊದಲನೆಯದರಲ್ಲಿ ಅಂಗಡಿಯವನಿಗೆ ಉಳಿಯುವದು 6 ರೂಪಾಯಿ, ಎರಡನೆಯದರಲ್ಲಿ 50. ಅವನ ಕೈಯು ಯಾವ ಪೆಟ್ಟಿಗೆಯ ಕಡೆಗೆ ಹೋದೀತು? ಇಲ್ಲಿ ಕಂಪನಿಗಳು ಒಂದರೊಡನೊಂದು ಹೋರಾಡುವದು ನಿಜವೇ. ಆದರೆ ಆ ಹೋರಾಟವು ರೋಗಿಯ ಮನಸ್ಸನ್ನು ಗೆಲ್ಲಲಿಕ್ಕೆ ಅಲ್ಲ, ಆರಿಸುವವರ ಮನಸ್ಸನ್ನು ಗೆಲ್ಲಲಿಕ್ಕೆ. ಆದಕಾರಣ ಸ್ಪರ್ಧೆ ಹೆಚ್ಚಿದಷ್ಟೂ ಅಚ್ಚಿನ ಬೆಲೆಯು ಏರಬಹುದು.

ಇದರಿಂದ ನಮ್ಮ ಎರಡನೆಯ ಪ್ರಶ್ನೆಗೆ ಉತ್ತರವು ದೊರಕುವದು. ಬೇಡವೆನ್ನುವ ಶಕ್ತಿಯು ಕೊಳ್ಳುವವನಿಗೆ ಇಲ್ಲದಿರುವಲ್ಲಿ ಅವನಿಗೋಸ್ಕರ ಬೇಡವೆನ್ನುವವನು ಒಬ್ಬನು ಬೇಕು. ಹೊಲದ ಗಡಿಯ ವಿಷಯದಲ್ಲಿ ಬಲಿಷ್ಠನು ದುರ್ಬಲನನ್ನು ಒತ್ತದ ಹಾಗೆ ಸರಕಾರವು ಕಲ್ಲು ನೆಡಿಸುವದಾದರೆ, ರೋಗಿಯ ಆತುರದ ಗಡಿಯಲ್ಲಿ ಕಲ್ಲು ನೆಡಿಸುವದು ಅನ್ಯಾಯವಾಗಲಾರದು.

ನಮ್ಮ ದೇಶವು ಈ ಕೆಲಸವನ್ನು ಬಹುಕಾಲದಿಂದ ಮಾಡುತ್ತಾ ಬಂದಿದೆ. 1955ರ ಅವಶ್ಯಕ ವಸ್ತುಗಳ ಕಾಯಿದೆಯ ಕೆಳಗೆ 1970ರಲ್ಲಿ ಔಷಧಗಳ ಬೆಲೆಯನ್ನು ಹತೋಟಿಯಲ್ಲಿಡುವ ಆಜ್ಞೆಯು ಹೊರಟಿತು. 1979ರ ಆಜ್ಞೆಯು 347 ಮೂಲ ಔಷಧಗಳನ್ನು ಹತೋಟಿಗೆ ತಂದಿತು. 1987ರಲ್ಲಿ ಆ ಸಂಖ್ಯೆಯು 142ಕ್ಕೂ 1995ರಲ್ಲಿ 74ಕ್ಕೂ ಇಳಿಯಿತು. 1997ರಲ್ಲಿ ಬೆಲೆಗಳನ್ನು ನಿಶ್ಚಯಿಸುವದಕ್ಕೆ ರಾಷ್ಟ್ರೀಯ ಔಷಧ ಬೆಲೆ ಪ್ರಾಧಿಕಾರವನ್ನು ನೇಮಿಸಿದರು. 2013ರಲ್ಲಿ ಹೊಸ ಆಜ್ಞೆಯು ಬಂದು, ಅವಶ್ಯಕ ಔಷಧಗಳ ರಾಷ್ಟ್ರೀಯ ಪಟ್ಟಿಯಲ್ಲಿ ಹೆಸರಿಸಿದವುಗಳಿಗೆಲ್ಲಾ ಮೇಲ್ಮಿತಿಯ ಬೆಲೆಯನ್ನು ಕಟ್ಟತಕ್ಕದ್ದೆಂದು ವಿಧಿಸಿತು. 2022ರ ಪಟ್ಟಿಯಲ್ಲಿ 384 ಔಷಧಗಳಿವೆ.

ಮೇಲ್ಮಿತಿ ಕಟ್ಟುವ ರೀತಿಯನ್ನು ತಿಳುಕೊಳ್ಳುವದು ಒಳ್ಳೇದು. ಪೇಟೆಯಲ್ಲಿ ನೂರಕ್ಕೆ ಒಂದು ಪಾಲಾದರೂ ಮಾರಾಟವಾಗುವ ಕಂಪನಿಗಳೆಲ್ಲಾ ಆ ಔಷಧವನ್ನು ಅಂಗಡಿಯವನಿಗೆ ಏನು ಬೆಲೆಗೆ ಕೊಡುತ್ತವೆಂದು ನೋಡಿ, ಅವುಗಳ ಸರಾಸರಿಯನ್ನು ತೆಗೆದು, ಅದಕ್ಕೆ ಅಂಗಡಿಯವನ ಪಾಲೆಂದು ನೂರಕ್ಕೆ 16ನ್ನು ಕೂಡಿಸುವರು. ಮೂರು ಕಂಪನಿಗಳು 8, 10, 12 ರೂಪಾಯಿಗೆ ಕೊಡುತ್ತಿದ್ದರೆ ಸರಾಸರಿಯು 10, ಮೇಲ್ಮಿತಿಯು 11 ರೂಪಾಯಿ 60 ಪೈಸೆ, ತೆರಿಗೆ ಬೇರೆ. ಇದಕ್ಕಿಂತ ಹೆಚ್ಚು ತಕ್ಕೊಂಡ ಕಂಪನಿಯಿಂದ ಹೆಚ್ಚಿನ ಹಣವನ್ನು ಬಡ್ಡಿ ಸಹಿತವಾಗಿ ವಸೂಲುಮಾಡಬಹುದು. ಇದಲ್ಲದೆ ಔಷಧದ ಅಂಗಡಿಯವನು ಬೆಲೆಗಳ ಪಟ್ಟಿಯನ್ನು ಬಂದವರು ನೋಡುವಂಥ ಸ್ಥಳದಲ್ಲಿ ಇಡತಕ್ಕದ್ದೆಂದು ಅದೇ ಆಜ್ಞೆಯಲ್ಲಿ ಬರೆದಿದೆ. ವಸ್ತ್ರವನ್ನು ಎತ್ತುವದೆಂದರೆ ಇದೇ.

ಆದರೂ ಕಾಯಿದೆಯ ಕೈಯು ಎಲ್ಲಾ ಕಡೆಗೂ ಮುಟ್ಟುವದಿಲ್ಲ. ಮೊದಲನೆಯದಾಗಿ, ಪೇಟೆಯಲ್ಲಿ ನಡೆಯುತ್ತಿರುವ ಬೆಲೆಯನ್ನೇ ಅಳತೆಗೋಲಾಗಿ ಹಿಡಿದದ್ದರಿಂದ, ಆ ಬೆಲೆಯು ಮೊದಲೇ ಉಬ್ಬಿದ್ದರೆ ಮೇಲ್ಮಿತಿಯೂ ಉಬ್ಬಿಯೇ ಇರುವದು. 1995ರ ಆಜ್ಞೆಯಲ್ಲಿ ತಯಾರಿಕೆಯ ಖರ್ಚಿನಿಂದ ಲೆಕ್ಕ ಹಿಡಿಯುತ್ತಿದ್ದರು. ಎರಡನೆಯದಾಗಿ, ಮಾರಾಟದ ಮೊತ್ತದಲ್ಲಿ ಹೆಚ್ಚು ಪಾಲು ಈ ಪಟ್ಟಿಯ ಹೊರಗೆ ಉಳಿದಿದೆ. ಅಂಥವುಗಳ ಬೆಲೆಯನ್ನು ವರುಷಕ್ಕೆ ನೂರಕ್ಕೆ 10ರ ಮೇಲೆ ಏರಿಸಬಾರದೆಂಬ ನಿಯಮ ಹೊರತು, ಮೊದಲ ಬೆಲೆಯನ್ನು ಎಷ್ಟೆಂದು ಅಚ್ಚುಹಾಕಬೇಕೆಂಬದಕ್ಕೆ ಕಟ್ಟಿಲ್ಲ.

ಹೊರಗುಳಿದವುಗಳೊಳಗೆ ಎಷ್ಟು ಮರೆಯಾಗಿತ್ತೆಂಬದು 2019ರಲ್ಲಿ ತೋರಿಬಂತು. ಆ ವರುಷ ಏಡಿಗಂತಿ, ಅಂದರೆ ಕ್ಯಾನ್ಸರ್ ರೋಗದ 42 ಔಷಧಗಳಲ್ಲಿ ನಡುವಿನ ವ್ಯಾಪಾರಿಗಳ ಪಾಲು ನೂರಕ್ಕೆ 30ನ್ನು ಮೀರಬಾರದೆಂದು ಪ್ರಾಧಿಕಾರವು ಆಜ್ಞಾಪಿಸಿತು. ತಯಾರಿಸುವವನ ಬೆಲೆಯನ್ನು ಮುಟ್ಟಲಿಲ್ಲ. ನಡುವಿನ ಪಾಲನ್ನು ಮಾತ್ರ ಅಳೆದರು. ಅಷ್ಟರಿಂದಲೇ ಕೆಲವು ಔಷಧಗಳ ಅಚ್ಚಿನ ಬೆಲೆಯು ನೂರಕ್ಕೆ 87ರ ವರೆಗೂ ಇಳಿಯಿತು. ಅದಕ್ಕೆ ಎರಡು ವರುಷ ಮುಂಚೆ, 2017ರ ಫೆಬ್ರವರಿಯಲ್ಲಿ, ಹೃದಯದ ರಕ್ತನಾಳದೊಳಗೆ ಇಡುವ ಸ್ಟೆಂಟೆಂಬ ಸಣ್ಣ ಕೊಳವೆಗೆ ಮಿತಿ ಕಟ್ಟಿದಾಗಲೂ ಹಾಗೆಯೇ ಆಯಿತು. ಔಷಧ ಲೇಪಿಸಿದ ಸ್ಟೆಂಟಿನ ಬೆಲೆಯು ಲಕ್ಷ ರೂಪಾಯಿಯ ಮೇಲಿದ್ದದ್ದು 29,600ಕ್ಕೆ ಇಳಿಯಿತು. ಬೆಲೆಯು ಒಂದು ಕಾಗದದಿಂದ ಇಷ್ಟು ಇಳಿಯುವದಾದರೆ, ಅದಕ್ಕೆ ಮೊದಲು ಸತ್ತವರ ಮನೆಯವರು ಅಡವಿಟ್ಟ ಹೊಲಗಳನ್ನು ಕುರಿತು ಯಾರು ಉತ್ತರ ಕೊಡುವರು?

ಈ ಕಷ್ಟವು ನಮ್ಮ ಬಡ ದೇಶದ್ದು ಮಾತ್ರವೆಂದು ನೆನಸಬಾರದು. ಐಶ್ವರ್ಯವುಳ್ಳ ಅಮೇರಿಕದಲ್ಲಿಯೂ ವಸ್ತ್ರವು ಹಾಸಿದೆ. ಅಲ್ಲಿ ಅದು ಇನ್ನೂ ದೊಡ್ಡದು. ಆ ದೇಶದಲ್ಲಿ ಬಹುಮಂದಿಯ ಔಷಧದ ಖರ್ಚನ್ನು ವಿಮಾ ಕಂಪನಿಗಳು ಕೊಡುತ್ತವೆ. ಆ ಲೆಕ್ಕವನ್ನು ನೋಡಿಕೊಳ್ಳುವದಕ್ಕೆ ನಡುವೆ ಬೇರೆ ಕಂಪನಿಗಳಿವೆ. ಯಾವ ಔಷಧಕ್ಕೆ ವಿಮೆಯ ಹಣ ಸಲ್ಲುವದು, ಯಾವದಕ್ಕೆ ಸಲ್ಲದು ಎಂಬ ಪಟ್ಟಿಯನ್ನು ಬರೆಯುವವರು ಇವರೇ. ಪಟ್ಟಿಯಲ್ಲಿ ಒಳ್ಳೇ ಸ್ಥಾನ ಕೊಟ್ಟದ್ದಕ್ಕೆ ತಯಾರಿಸುವವನಿಂದ ಬೆಲೆಯಲ್ಲಿ ಒಂದು ಪಾಲನ್ನು ಹಿಂದಕ್ಕೆ ಪಡೆಯುವರು. ವಿಮೆಯವರಿಂದ ಹೆಚ್ಚು ತಕ್ಕೊಂಡು ಅಂಗಡಿಯವನಿಗೆ ಕಡಿಮೆ ಕೊಡುವದೂ ಉಂಟು. ಹಿಂದಕ್ಕೆ ಬರುವ ಪಾಲು ಅಚ್ಚಿನ ಬೆಲೆಯ ಮೇಲೆ ಲೆಕ್ಕವಾಗುವದರಿಂದ, ಅಚ್ಚಿನ ಬೆಲೆ ಏರಿದರೆ ಪಾಲೂ ಏರುವದು. ಆದರೆ ವಿಮೆ ಇಲ್ಲದ ಬಡವನು ಏರಿದ ಬೆಲೆಯನ್ನೇ ಕೊಡಬೇಕು. 2024ರಲ್ಲಿ ಅಲ್ಲಿಯ ವ್ಯಾಪಾರ ಆಯೋಗವು ಪ್ರಕಟಿಸಿದ ಪ್ರಕಾರ, ಇಂಥ ಮೂರೇ ಕಂಪನಿಗಳ ಕೈಯಿಂದ ಆ ದೇಶದ ಔಷಧದ ಚೀಟಿಗಳಲ್ಲಿ ನೂರಕ್ಕೆ ಸುಮಾರು 80 ಹಾದುಹೋಗುತ್ತಿದ್ದವು.

ನಮ್ಮ ಕೂಲಿಕಾರನ ಹೆಂಡತಿಗೆ ಬಂದಂಥ ಸಕ್ಕರೆ ಬೇನೆಯ ಔಷಧವನ್ನೇ ನೋಡಿರಿ. ಇನ್ಸುಲಿನ್ನನ್ನು ಟೊರೊಂಟೊ ಪಟ್ಟಣದಲ್ಲಿ ಕಂಡುಹಿಡಿದವರು ಅದರ ಹಕ್ಕನ್ನು 1923ರಲ್ಲಿ ತಲೆಗೆ ಒಂದೊಂದು ಡಾಲರು ತಕ್ಕೊಂಡು ಆ ಊರಿನ ವಿಶ್ವವಿದ್ಯಾಲಯಕ್ಕೆ ಒಪ್ಪಿಸಿಬಿಟ್ಟರು. ನೂರು ವರುಷಗಳಾಗುವದರೊಳಗೆ ಇನ್ಸುಲಿನ್ನಿನ ಒಂದು ಹೊಸ ಬಗೆಯ ಸೀಸೆಗೆ ಅಮೇರಿಕದಲ್ಲಿ ಅಚ್ಚಿನ ಬೆಲೆಯು 270 ಡಾಲರುಗಳನ್ನು ಮೀರಿತ್ತು. 2023ರಲ್ಲಿ ಜನರ ಕೂಗು ಹೆಚ್ಚಾದಾಗ ಕಂಪನಿಯು ಅದನ್ನು ನೂರಕ್ಕೆ 70ರಷ್ಟು ಇಳಿಸುವದಾಗಿ ಸಾರಿತು. ಅಷ್ಟು ಇಳಿಸಲಿಕ್ಕೆ ಸಾಧ್ಯವಿದ್ದ ಬೆಲೆಯು ಔಷಧದ ಖರ್ಚಿನಿಂದ ಹುಟ್ಟಿದ್ದಲ್ಲ.

ಅಲ್ಲಿಯೂ ರಾಜ್ಯಗಳು ಸುಮ್ಮನಿರಲಿಲ್ಲ. ಅರ್ಕನ್ಸಾ ಎಂಬ ರಾಜ್ಯವು 2015ರಲ್ಲಿ ಒಂದು ಕಾಯಿದೆ ಮಾಡಿ, ಅಂಗಡಿಯವನು ಔಷಧವನ್ನು ಕೊಂಡ ಬೆಲೆಗಿಂತ ಕಡಿಮೆಯನ್ನು ನಡುವಿನ ಕಂಪನಿಗಳು ಅವನಿಗೆ ಕೊಡಬಾರದೆಂದು ವಿಧಿಸಿತು. ಕಂಪನಿಗಳು ಮೇಲಿನ ನ್ಯಾಯಾಲಯಗಳ ವರೆಗೂ ಹೋದವು. 2020ರ ಡಿಸೆಂಬರಿನಲ್ಲಿ ಆ ದೇಶದ ಶ್ರೇಷ್ಠ ನ್ಯಾಯಾಲಯವು ಸರ್ವಾನುಮತದಿಂದ ರಾಜ್ಯದ ಪಕ್ಷವಾಗಿ ತೀರ್ಪುಕೊಟ್ಟಿತು. ಈ ಕಾಯಿದೆಯು ಕಾಪಾಡಿದ್ದು ಕೊಳ್ಳುವವನನ್ನಲ್ಲ, ಸಣ್ಣ ಅಂಗಡಿಯವನನ್ನು, ಎಂಬದು ನೆನಪಿನಲ್ಲಿರಲಿ. ಹಳ್ಳಿಯ ಅಂಗಡಿ ಮುಚ್ಚಿದರೆ ಹಳ್ಳಿಯ ರೋಗಿಗೆ ಅಗ್ಗದ ಬೆಲೆಯಿಂದ ಪ್ರಯೋಜನವೇನು?

ಇಲ್ಲಿ ಕೆಲವು ಆಕ್ಷೇಪಗಳಿಗೆ ಉತ್ತರ ಹೇಳತಕ್ಕದ್ದು. ಲಾಭವನ್ನು ಹಿಸುಕಿದರೆ ಯಾರು ಔಷಧ ಮಾರುವರು ಎಂದು ಕೇಳುವವರುಂಟು. ಈ ಮಾತಿನಲ್ಲಿ ಸತ್ಯವಿದೆ. ಲೋಂಡಾ, ಕಣಕುಂಬಿಗಳಂಥ ಮಳೆಯ ಊರುಗಳ ವರೆಗೆ ಔಷಧವನ್ನು ಒಯ್ದು, ಕೆಡದಂತೆ ಕಾದು, ರಾತ್ರಿ ಬಾಗಿಲು ತಟ್ಟಿದವನಿಗೆ ಎದ್ದು ಕೊಡುವವನಿಗೆ ತಕ್ಕ ಕೂಲಿ ಬೇಕು. ಅದನ್ನು ಕೊಡದ ಕಾಯಿದೆಯೂ ಅನ್ಯಾಯವೇ. ಆದರೆ ಕೂಲಿ ಬೇರೆ, ರೋಗಿಯ ಅಜ್ಞಾನದಿಂದ ತೆಗೆದ ಸುಲಿಗೆ ಬೇರೆ.

ಅಗ್ಗದ ಔಷಧವು ಕೆಟ್ಟದ್ದಾಗಿರಬಹುದೆಂದು ಮತ್ತೆ ಕೆಲವರು ಹೇಳುವರು. ಇದನ್ನೂ ಹಗುರವಾಗಿ ತಳ್ಳಬಾರದು. 2024ರ ನವೆಂಬರಿನಲ್ಲಿ ನಮ್ಮ ರಾಜ್ಯದ ಬಳ್ಳಾರಿಯ ಸರಕಾರೀ ಆಸ್ಪತ್ರೆಯಲ್ಲಿ ಶಸ್ತ್ರದಿಂದ ಹೆರಿಗೆಯಾದ ಹಲವು ತಾಯಂದಿರು ತೀರಿಹೋದರು. ಅವರ ನರಗಳಿಗೆ ಏರಿಸಿದ ದ್ರಾವಣದ ಮೇಲೆ ಸಂಶಯ ಹುಟ್ಟಿ, ಸರಕಾರವು ಅದರ ಬಳಕೆಯನ್ನು ತಡೆದು ವಿಚಾರಣೆ ನಡಿಸಿತು. ಕಡಿಮೆ ಬೆಲೆಯೇ ನ್ಯಾಯವೆಂದು ತಿಳಿಯುವವನಿಗೆ ಆ ತಾಯಂದಿರ ಕೂಸುಗಳು ಸಾಕ್ಷಿ. ಆದರೆ ಇದಕ್ಕೆ ಪರಿಹಾರವು ಹೆಚ್ಚು ಬೆಲೆಯಲ್ಲ. ದುಬಾರಿ ಹೆಸರು ಗುಣಕ್ಕೆ ಜಾಮೀನಲ್ಲ. ಔಷಧವನ್ನು ಪರೀಕ್ಷಿಸುವವರು ತಮ್ಮ ಕೆಲಸವನ್ನು ಮಾಡುವದೇ ಜಾಮೀನು. ಬೆಲೆಯನ್ನು ಅಳೆಯುವ ಸರಕಾರವು ಗುಣವನ್ನೂ ಅಳೆಯತಕ್ಕದ್ದು.

ಆಸ್ಪತ್ರೆಯ ಅಂಗಳದ ವ್ಯಾಜ್ಯವು ಇನ್ನೊಂದು. ಮೂಲ ಹೆಸರಿನ ಔಷಧಗಳನ್ನು ಅಗ್ಗವಾಗಿ ಮಾರುವ ಜನೌಷಧಿ ಅಂಗಡಿಗಳು 2008ರಲ್ಲಿ ಆರಂಭವಾದವು. ಬೆಳಗಾವಿಯಲ್ಲಿಯೂ ಇವುಗಳುಂಟು. ಅಲ್ಲಿ ಅನೇಕ ಔಷಧಗಳು ಅರ್ಧ ಬೆಲೆಗಿಂತಲೂ ಕಡಿಮೆಗೆ ದೊರಕುತ್ತವೆ. ಅಂಗಡಿಯವನ ಪಾಲು ಎಷ್ಟೆಂಬದೂ ಮೊದಲೇ ಗೊತ್ತುಮಾಡಿದ್ದಾಗಿದೆ. 2025ರ ಮೇ ತಿಂಗಳಲ್ಲಿ ರಾಜ್ಯ ಸರಕಾರವು, ನಮ್ಮ ಆಸ್ಪತ್ರೆಗಳಲ್ಲಿ ಔಷಧವನ್ನು ಧರ್ಮಕ್ಕೆ ಕೊಡುತ್ತೇವಾದ್ದರಿಂದ ಅವುಗಳ ಅಂಗಳದಲ್ಲಿ ಮಾರುವ ಅಂಗಡಿ ಬೇಡವೆಂದು, ಅಲ್ಲಿದ್ದ ಜನೌಷಧಿ ಅಂಗಡಿಗಳನ್ನು ಮುಚ್ಚುವಂತೆ ಆಜ್ಞಾಪಿಸಿತು. ಅಂಗಡಿಯವರು ನ್ಯಾಯಾಲಯಕ್ಕೆ ಹೋದರು. ಜುಲೈಯಲ್ಲಿ ಉಚ್ಚ ನ್ಯಾಯಾಲಯದ ಧಾರವಾಡ ಪೀಠವು ಆ ಆಜ್ಞೆಯನ್ನು ತಡೆದಿತು. ಎರಡು ಪಕ್ಷಗಳ ಮಾತಿನಲ್ಲಿಯೂ ತಿರುಳುಂಟು. ಧರ್ಮಕ್ಕೆ ಸಿಕ್ಕತಕ್ಕದ್ದನ್ನು ಕೊಂಡು ತರುವಂತೆ ಬಡವನನ್ನು ಕಳುಹಿಸುವದು ತಪ್ಪು. ಒಳಗೆ ಔಷಧವು ಮುಗಿದುಹೋದ ದಿನ ಅಂಗಳದ ಅಗ್ಗದ ಅಂಗಡಿಯೂ ಮುಚ್ಚಿದ್ದರೆ ಅವನು ಬೀದಿಯ ಅಂಗಡಿಗೆ ಹೋಗಬೇಕಾಗುವದೂ ಸತ್ಯ. ಯಾವ ಪಕ್ಷವು ಸರಿಯೆಂದು ಅಳೆಯುವದಕ್ಕೆ ನಮಗೆ ಒಂದೇ ಕೋಲು: ಸಾಯಂಕಾಲದ ಬಸ್ಸಿನಲ್ಲಿ ಖಾನಾಪುರಕ್ಕೆ ತಿರುಗುವ ಆ ಹೆಂಗಸಿನ ಚೀಲದಲ್ಲಿ ಔಷಧವಿದೆಯೋ ಇಲ್ಲವೋ?

ಈಗ ಮೂರನೆಯ ಪ್ರಶ್ನೆಗೆ ಬರೋಣ. ಯೆರಿಕೋವಿನ ದಾರಿಯಲ್ಲಿ ಕಳ್ಳರ ಕೈಗೆ ಸಿಕ್ಕಿದವನ ಸಾಮ್ಯವನ್ನು ನಾವೆಲ್ಲರೂ ಬಲ್ಲೆವು. ಸಮಾರ್ಯದವನನ್ನು ಕುರಿತು ಅನೇಕ ಪ್ರಸಂಗಗಳನ್ನು ಕೇಳಿದ್ದೇವೆ. ಛತ್ರದವನನ್ನು ಕುರಿತು ಕೇಳಿದ್ದು ಕಡಿಮೆ. ಸಮಾರ್ಯದವನು ಅವನ ಕೈಯಲ್ಲಿ ಎರಡು ನಾಣ್ಯಗಳನ್ನಿಟ್ಟು, ಹೆಚ್ಚು ಖರ್ಚಾದರೆ ತಿರುಗಿ ಬಂದಾಗ ಕೊಡುವೆನೆಂದು ಹೇಳಿ ಹೋದನು. ಗಾಯಪಟ್ಟವನು ಮೈಮರೆತು ಬಿದ್ದಿದ್ದಾನೆ. ರೊಕ್ಕ ಕೊಡುವವನು ದೂರ ಹೋಗಿದ್ದಾನೆ. ಎಣ್ಣೆ ಎಷ್ಟು ಸುರಿದೆನೆಂದು ಛತ್ರದವನು ಬರೆದದ್ದೇ ಲೆಕ್ಕ. ಅವನು ಕೂಲಿ ತಕ್ಕೊಂಡದ್ದು ತಪ್ಪೆಂದು ಆ ಸಾಮ್ಯದಲ್ಲಿ ಎಲ್ಲಿಯೂ ಇಲ್ಲ. ಆದರೆ ಸಮಾರ್ಯದವನ ದಯೆಯೆಲ್ಲಾ ಆ ಒಬ್ಬ ಮನುಷ್ಯನ ಪ್ರಾಮಾಣಿಕತ್ವದ ಮೇಲೆ ನಿಂತಿತು. ಇಂದು ಔಷಧ ಮಾಡುವವರೂ ಬರೆಯುವವರೂ ಮಾರುವವರೂ ಆ ಛತ್ರದವನ ಸ್ಥಾನದಲ್ಲಿ ನಿಂತಿದ್ದಾರೆ.

ಆದಕಾರಣ ನಾವು ತಿಳುಕೊಳ್ಳಬೇಕಾದದ್ದೇನಂದರೆ, ಲಾಭವು ಪಾಪವಲ್ಲ. ಕೊಡುವವನ ಮುಖಕ್ಕೆ ಹೇಳಲಾರದ ಲಾಭವು ಪಾಪ. 2022ರ ಫೆಬ್ರವರಿಯಲ್ಲಿ ನಮ್ಮ ದೇಶದ ಸರ್ವೋಚ್ಚ ನ್ಯಾಯಾಲಯವು, ಕಂಪನಿಗಳು ಡಾಕ್ಟರರಿಗೆ ಕೊಡುವ ಕಾಣಿಕೆಗಳನ್ನು ವ್ಯಾಪಾರದ ಖರ್ಚೆಂದು ತೋರಿಸಿ ಆದಾಯ ತೆರಿಗೆಯಿಂದ ಬಿಡುಗಡೆ ಹೊಂದಕೂಡದೆಂದು ತೀರ್ಪುಕೊಟ್ಟಿತು. ಆ ಕಾಣಿಕೆಯ ಭಾರವು ಕಡೆಗೆ ಔಷಧದ ಬೆಲೆಯಲ್ಲಿ ಸೇರಿ ರೋಗಿಯ ಮೇಲೆ ಬೀಳುವದೆಂದು ನ್ಯಾಯಾಧಿಪತಿಗಳು ತೋರಿಸಿದರು. ಕಾಣಿಕೆ ಪಡೆದ ಡಾಕ್ಟರನು ತನ್ನ ಚೀಟಿಯ ಮೇಲೆಯೇ ಅದನ್ನು ಬರೆದು ಕೂಲಿಕಾರನ ಕೈಯಲ್ಲಿ ಕೊಡುವನೋ? ಕೊಡಲಾರದಿದ್ದರೆ ಆ ಕಾಣಿಕೆಯು ಎಂಥದ್ದೆಂದು ಅವನ ಮನಸ್ಸಾಕ್ಷಿಯೇ ಹೇಳಲಿ.

ನಮ್ಮ ಮಕ್ಕಳಲ್ಲಿ ಕೆಲವರು ದಾದಿಯರಾಗಿ, ಡಾಕ್ಟರರಾಗಿ, ಔಷಧದ ಅಂಗಡಿಗಳಲ್ಲಿ ಕೆಲಸಗಾರರಾಗಿ ದುಡಿಯುತ್ತಾರೆ. ಅವರು ಈ ಅಳತೆಯನ್ನು ಮೊದಲು ತಮ್ಮ ಮೇಲೆ ಹಿಡಿಯಲಿ. 60 ರೂಪಾಯಿಯೆಂದು ಅಚ್ಚಾದದ್ದನ್ನು 10ಕ್ಕೆ ಕೊಂಡವನು 60 ತಕ್ಕೊಂಡರೆ ಕಾಯಿದೆಯು ಅವನನ್ನು ಹಿಡಿಯಲಾರದು. ಅಚ್ಚಿನ ಬೆಲೆಯು ದಾಟಬಾರದ ಗಡಿಯೇ ಹೊರತು ತಕ್ಕೊಳ್ಳಲೇಬೇಕಾದ ಬೆಲೆಯಲ್ಲ. ಕಾಯಿದೆಯು ಬಿಟ್ಟುಕೊಟ್ಟ ಆ ಸ್ಥಳದಲ್ಲಿಯೇ ಮನುಷ್ಯನ ನೀತಿಯು ಪರೀಕ್ಷಿಸಲ್ಪಡುವದು.

ಕೊಳ್ಳುವವರಾದ ನಮಗೂ ಕೆಲಸವುಂಟು. ಔಷಧದ ಮೂಲ ಹೆಸರನ್ನು ಬರೆದುಕೊಡಿರೆಂದು ಡಾಕ್ಟರರನ್ನು ವಿನಯದಿಂದ ಕೇಳಿರಿ. ವೈದ್ಯರ ನಡತೆಯ ನಿಯಮಗಳಲ್ಲಿ 2016ರ ತಿದ್ದುಪಡಿಯು ಮೂಲ ಹೆಸರನ್ನು ಸ್ಪಷ್ಟವಾಗಿ ಬರೆಯತಕ್ಕದ್ದೆಂದು ಹೇಳಿತು. ಅಂಗಡಿಯಲ್ಲಿ ಬಿಲ್ಲು ಕೇಳಿರಿ. ಬೆಲೆಯ ಪಟ್ಟಿ ಎಲ್ಲಿದೆಯೆಂದು ಕೇಳಿರಿ. ಫಾರ್ಮಾ ಸಹಿ ದಾಮ್ ಎಂಬ ಸರಕಾರದ ಸಾಧನವು ಮೊಬೈಲಿನಲ್ಲಿ ಸಿಕ್ಕುವದು. ಓದಬಲ್ಲ ಹುಡುಗರು ಅದರಲ್ಲಿ ಬೆಲೆಯನ್ನು ನೋಡಿ ಹೇಳಬಹುದು. ಆದರೆ ಡಾಕ್ಟರರನ್ನು ಕೇಳದೆ ಔಷಧವನ್ನು ನೀವಾಗಿ ಬದಲಿಸಬೇಡಿರಿ, ಅಗ್ಗವೆಂದು ಅರ್ಧಕ್ಕೆ ನಿಲ್ಲಿಸಲೂ ಬೇಡಿರಿ.

ನಾಲ್ಕು ಅಕ್ಷರ ಬಲ್ಲವರು ಊರಿನಲ್ಲಿ ಇರುವದು ಯಾತಕ್ಕೆ? ಚೀಟಿ ಓದಲಾರದ ನೆರೆಯವಳು ಬೆಳಗಾವಿಗೆ ಹೊರಟ ದಿನ, ನಮ್ಮಲ್ಲಿ ಒಬ್ಬನಾದರೂ ಅವಳ ಸಂಗಡ ಹೋಗಿ ಅಂಗಡಿಯ ಕಟ್ಟೆಯ ಮುಂದೆ ನಿಲ್ಲಲಿ. ಜಗಳಕ್ಕಲ್ಲ, ಬೆಲೆಯನ್ನು ಗಟ್ಟಿಯಾಗಿ ಓದಿ ಹೇಳುವದಕ್ಕೆ.